ಅಂತರಿಕ್ಷದಲ್ಲಿ ಮೊಳೆತ ಮೆಂತ್ಯ

ಇಂಜಿನಿಯರಿಂಗ್ ಓದುತ್ತಿರುವ ನನ್ನ ತಮ್ಮನ ಮಗ ರಜೆಯಲ್ಲಿ ನಿಂಬರ್ಗಾಕ್ಕೆ ಬಂದವನು, ಅಂತರಿಕ್ಷದಲ್ಲಿ ಗಿಡ ಬೆಳೆಸುವ ಪೆಟ್ಟಿಗೆಯೊಂದರ ನಕ್ಷೆಯನ್ನು ನನ್ನ ಮುಂದೆ ಹರಡಿದ. “ನೆಲದ ಮ್ಯಾಲಿನ ತೊಗರಿನೇ ಕೈಗೆ ಹತ್ತವಲ್ದು, ಮುಗಿಲಾಗ ಏನು ಬೆಳೀತಿ?” ಎಂದು ನಕ್ಕೆ.

ಅವನು ಸಿಟ್ಟಾಗಲಿಲ್ಲ. 2025ರ ಜೂನ್‌ನಲ್ಲಿ ಶುಭಾಂಶು ಶುಕ್ಲಾ ಅವರೊಡನೆ ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಹೆಸರು, ಮೆಂತ್ಯದ ಕಾಳುಗಳು ಅಂತರರಾಷ್ಟ್ರೀಯ ಅಂತರಿಕ್ಷ ನಿಲ್ದಾಣಕ್ಕೆ ಹೋಗಿ, ಅಲ್ಲಿ ನೀರುಂಡು ಮೊಳೆತುದನ್ನು ಹೇಳಿದ. ಅದಕ್ಕೂ ಮುನ್ನ, 2024ರ ಡಿಸೆಂಬರ್ 30ರಂದು ಇಸ್ರೋ ಹಾರಿಸಿದ ರಾಕೆಟ್ಟಿನ ಕೊನೆಯ ಹಂತದಲ್ಲಿ ಅಲಸಂದೆ ಕಾಳು 4 ದಿನಗಳಲ್ಲಿ ಮೊಳಕೆಯೊಡೆದಿತ್ತು.

“ಮೊಳಕಿ ಬರಿಸೂದು ಸಸಾರ, ದೊಡ್ಡಪ್ಪ, ಗಿಡ ಮಾಡೂದು ಕಷ್ಟ. ಅಲ್ಲಿ ನೀರು ಕೆಳಗ ಇಳಿಯೂದಿಲ್ಲ. ಬೇರಿಗೆ ಹತ್ತಿಕೊಂಡು ಕುಂತು, ಗಾಳಿ ಸಿಗಗೊಡೂದಿಲ್ಲ” ಎಂದ.

ನನ್ನ ನಗೆ ಅಡಗಿತು. ಎರೆಹೊಲದಲ್ಲಿ ಮಳೆನೀರು ನಿಂತು, ಬೇರು ಉಸಿರುಗಟ್ಟಿ ತೊಗರಿ ಬಾಡುವುದನ್ನು ಕಣ್ಣಾರೆ ಕಂಡವನು ನಾನು. ನಮ್ಮ ಹೊಲದ ಸಂಕಟವೇ ಅಲ್ಲಿಯದೂ! ಇಲ್ಲಿ ಕಾಲುವೆ ತೋಡಿ ನೀರನ್ನು ತಗ್ಗಿಗೆ ಹರಿಸಬಹುದು. ಅಲ್ಲಿ ತಗ್ಗೆಂಬುದೇ ಇಲ್ಲ. ಬತ್ತಿ ಎಣ್ಣೆಯನ್ನು ಹೀರುವಂತೆ, ಬಟ್ಟೆಯ ಎಳೆಗಳು ಬೇಕಾದಷ್ಟೇ ನೀರನ್ನು ಬೇರಿಗೆ ಮುಟ್ಟಿಸುವ ಉಪಾಯವನ್ನು ಹುಡುಗ ಹೂಡಿದ್ದ.

ನಾಲ್ಕು ದಶಕ ಕಾವ್ಯ ಬೋಧಿಸಿದ ನಾನು, ಉಪಮೆಯ ಬೆಲೆಯನ್ನು ಅಂದು ಅವನಿಂದ ಮತ್ತೊಮ್ಮೆ ಕಲಿತೆ. ಅವನು ಹೊರಟಾಗ ಒಂದು ಹಿಡಿ ತೊಗರಿಬೀಜ ಕಟ್ಟಿಕೊಟ್ಟು ಹೇಳಿದೆ: “ಅಲ್ಲಿಗಂತ ಕಲಿತದ್ದನ್ನ ಇಲ್ಲಿಗೂ ತಾ, ತಮ್ಮಾ.”