ಬೀಡಿ, ಕುಡಿತ ಮತ್ತು ಮಕ್ಕಳ ಓದು

(ವಿದ್ಯಾರ್ಥಿವೇತನ ವಿತರಣಾ ಸಭೆಯಲ್ಲಿ ನಿವೃತ್ತ ಶಿಕ್ಷಕರೊಬ್ಬರು ಮಾಡಿದ ಭಾಷಣ)





ಈ ಸಲ ಅರ್ಜಿಗಳನ್ನು ನೋಡುತ್ತಿದ್ದಾಗ ದಾನಿಗಳೊಬ್ಬರು ನಮ್ಮನ್ನು ಕೇಳಿದರು: "ಮಾಸ್ತರೇ, ಈ ಹುಡುಗನ ತಂದೆ ಬೀಡಿ ಸೇದುತ್ತಾನೆ, ಕುಡಿಯುತ್ತಾನೆ. ಅಂಥ ಮನೆಗೆ ನಮ್ಮ ಹಣ ಏಕೆ ಹೋಗಬೇಕು?" ದುಡಿದ ಹಣ ಕೊಡುವವರಿಗೆ ಹೀಗೆ ಕೇಳುವ ಹಕ್ಕಿದೆ. ಅಂದು ಉತ್ತರ ಕೊಡಲು ಸಮಯ ಸಾಲಲಿಲ್ಲ. ಇವತ್ತು ಎಲ್ಲರೆದುರು ಹೇಳುತ್ತೇವೆ.

ಮೊದಲು ನಮ್ಮದೇ ತಪ್ಪು ಒಪ್ಪಿಕೊಳ್ಳುತ್ತೇವೆ. ನೌಕರಿಗೆ ಸೇರಿದ ಹೊಸದರಲ್ಲಿ ನಾವೂ ಸೇದುತ್ತಿದ್ದೆವು. ಬಿಡುವಿನ ವೇಳೆಯಲ್ಲಿ ಹುಡುಗರ ಕೈಗೆ ಚಿಲ್ಲರೆ ಕೊಟ್ಟು ಅಂಗಡಿಯಿಂದ ಸಿಗರೇಟು ತರಿಸುತ್ತಿದ್ದೆವು. ಅದು ತಪ್ಪು ಎಂದು ಆಗ ಯಾರಿಗೂ ಅನ್ನಿಸಲಿಲ್ಲ. ಹಾಗೆ ತಂದುಕೊಡುತ್ತಿದ್ದ ಒಬ್ಬ ಹುಡುಗ ಏಳನೆಯ ತರಗತಿಗೇ ಶಾಲೆ ಬಿಟ್ಟು ಬೆಂಗಳೂರಿಗೆ ಗುಳೆ ಹೋದ. ಅಲ್ಲಿ ಗೌಂಡಿಗಳ ಕೈಕೆಳಗೆ ಕೆಲಸ. ವರ್ಷಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಾಗ ನಮ್ಮನ್ನು ಕಂಡು ಬೀಡಿಯನ್ನು ಬೆನ್ನ ಹಿಂದೆ ಮರೆಮಾಡಿದ. ಬಾಯಲ್ಲಿ ಕುಡಿತದ ವಾಸನೆಯೂ ಇತ್ತು. ಗದರಬೇಕೆಂದರೆ ನಮಗೆ ಬಾಯಿ ಬರಲಿಲ್ಲ. ಅವನೇ ಹೇಳಿದ: "ಸರ್, ಬೀಡಿ ಹಸಿವಿಗೆ ಕಲಿತೆ. ಕುಡಿಯೋದು ಬಟವಾಡೆ ದಿನ ಕಲಿತೆ."

ತಿಳಿದವರು ಪುಟಗಟ್ಟಲೆ ಬರೆಯುವುದನ್ನು ಅವನು ಎರಡು ಮಾತಿನಲ್ಲಿ ಹೇಳಿದ್ದ. ಮೈಮುರಿಯುವ ದುಡಿಮೆ, ಊರು ಮತ್ತು ಹೆಂಡತಿ ಮಕ್ಕಳಿಂದ ದೂರದ ಶೆಡ್ಡಿನ ವಾಸ, ವಾರದ ಕೂಲಿ ಕೈಗೆ ಬಂದ ಸಂಜೆ, ಸೇದುವ ಕುಡಿಯುವ ಜೊತೆಗಾರರು, ಚಿಕ್ಕಂದಿನಲ್ಲೇ ಹಿಡಿದ ಬೀಡಿ. ಎರಡೂ ಚಟಗಳು ಒಬ್ಬನಲ್ಲೇ ಸೇರುವುದು ಇಂಥ ಕಡೆ. ಇವೆಲ್ಲಕ್ಕೂ ಹಿಂದೆ ಇರುವುದು ಅರ್ಧಕ್ಕೆ ನಿಂತ ಓದು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 15 ವರ್ಷ ದಾಟಿದ ಗಂಡಸರಲ್ಲಿ ಶೇಕಡಾ 38 ಜನ ಯಾವುದಾದರೂ ರೂಪದಲ್ಲಿ ತಂಬಾಕು ಬಳಸುತ್ತಾರೆ. ಸುಮಾರು ಶೇಕಡಾ 19 ಜನ ಮದ್ಯ ಕುಡಿಯುತ್ತಾರೆ. ಶಾಲೆ ಕಲಿತ ವರ್ಷಗಳು ಹೆಚ್ಚಿದಂತೆ ತಂಬಾಕಿನ ಬಳಕೆ ಇಳಿಯುತ್ತದೆ. ಇನ್ನು ನಮ್ಮ ಜಿಲ್ಲೆಯ ಸ್ಥಿತಿ ನೋಡಿ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಸಾಕ್ಷರತೆ ಸುಮಾರು ಶೇಕಡಾ 52, ಇಡೀ ರಾಜ್ಯದಲ್ಲಿ ಎಲ್ಲಕ್ಕಿಂತ ಕಡಿಮೆ. ಓದಿದವರು ಸೇದುವುದೇ ಇಲ್ಲ ಎಂದು ನಾವು ಹೇಳುತ್ತಿಲ್ಲ. ಬಿ.ಎಡ್. ಮಾಡಿಯೂ ಸೇದಿದವರು ನಾವು! ಆದರೆ ಓದಿದವನಿಗೆ ಬಿಡುವ ದಾರಿ ಬೇಗ ಸಿಗುತ್ತದೆ.

ನಮ್ಮ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಕುಡಿತ ಹರಾಮ್ ಎಂದು ಎಲ್ಲರಿಗೂ ಗೊತ್ತು, ಹಾಗಾಗಿ ಅದನ್ನು ಮುಚ್ಚಿಡುತ್ತೇವೆ. ಬೀಡಿಗೆ ಮಾತ್ರ "ಹೋಗಲಿ, ಬೀಡಿ ತಾನೇ" ಎಂದು ಮಾಫಿ. ದೇಹ ಹೀಗೆ ಎರಡನ್ನೂ ಬೇರೆ ಮಾಡಿ ನೋಡುವುದಿಲ್ಲ. ಕುಡಿತದ ಮಂಪರನ್ನು ಬೀಡಿಯ ನಿಕೋಟಿನ್ ಸ್ವಲ್ಪ ಇಳಿಸುತ್ತದೆ, ಮನುಷ್ಯ ಮತ್ತೆ ಕುಡಿಯುತ್ತಾನೆ. ಬೀಡಿ ಬಿಟ್ಟವನೂ ಕುಡಿಯಲು ಕೂತಾಗ ಮತ್ತೆ ಹಚ್ಚುತ್ತಾನೆ. ಮದ್ಯವು ಬಾಯಿ, ಗಂಟಲಿನ ಒಳಪದರವನ್ನು ಸಡಿಲ ಮಾಡಿ ಹೊಗೆಯ ವಿಷ ಒಳಗಿಳಿಯಲು ದಾರಿ ಕೊಡುತ್ತದೆ. ಅದಕ್ಕೇ ಎರಡೂ ಇರುವವರಿಗೆ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರಿನ ಅಪಾಯ ಒಂದಕ್ಕೊಂದು ಕೂಡಿದಷ್ಟಲ್ಲ, ಗುಣಿಸಿದಷ್ಟು ಏರುತ್ತದೆ.

ಮಕ್ಕಳೇ, ಒಂದು ಲೆಕ್ಕ ಮಾಡಿ. ಬೀಡಿಗೆ ದಿನಕ್ಕೆ 20 ರೂಪಾಯಿ ಎಂದರೆ ವರ್ಷಕ್ಕೆ 7,300. ಕುಡಿತಕ್ಕೆ ವಾರಕ್ಕೆ 200 ಎಂದರೆ 10,400. ಒಟ್ಟು 17,700 ರೂಪಾಯಿ. ಪುಸ್ತಕ, ಬಸ್ ಪಾಸು, ಪರೀಕ್ಷಾ ಶುಲ್ಕಕ್ಕೆ ಆಗಬೇಕಾದ ಹಣ ಅದು.

ಹಾಗಾದರೆ ಬಿಡಲು ಆಗುವುದೇ ಇಲ್ಲವೇ? ರಮ್ಜಾನ್ ತಿಂಗಳಲ್ಲಿ ಸಹರಿಯಿಂದ ಇಫ್ತಾರಿನ ತನಕ 13-14 ಗಂಟೆ ಬೀಡಿ ಮುಟ್ಟದ ಗಂಡಸರು ನಮ್ಮ ನಡುವೆಯೇ ಇದ್ದಾರೆ. ಅವರಿಗೆ ಶಕ್ತಿ ಇದೆ ಎಂದಾಯಿತು. ಇಫ್ತಾರಿನ ನಂತರದ ಆ ಎರಡು ಗಂಟೆ ಮನೆಯವರು ಜೊತೆಗಿರಬೇಕು, ಅಷ್ಟೇ. ನಾವೂ ಒಂದೇ ಸಲಕ್ಕೆ ಬಿಡಲಿಲ್ಲ. ಮೂರು ಸಲ ಬಿಟ್ಟು ಮತ್ತೆ ಹಿಡಿದು, ನಾಲ್ಕನೆಯ ಸಲ ಬಿಟ್ಟೆವು.

ಬೀಡಿ ಸಿಗರೇಟು ಬಿಡಲು 1800-11-2356ಕ್ಕೆ ಕರೆ ಮಾಡಿ, ಖರ್ಚಿಲ್ಲ. ಆ ನಂಬರು ಪ್ಯಾಕೆಟ್ ಮೇಲೆಯೇ ಅಚ್ಚಾಗಿರುತ್ತದೆ. ಮನಸ್ಸಿನ ಕಷ್ಟಕ್ಕೆ ಟೆಲಿ ಮಾನಸ್, 14416. ಒಂದು ಎಚ್ಚರಿಕೆ: ಬಹಳ ವರ್ಷಗಳಿಂದ ದಿನಾ ಕುಡಿಯುವವರು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಗಿ ಫಿಟ್ಸ್ ಬರಬಹುದು, ಜೀವಕ್ಕೂ ಅಪಾಯ. ಅಂಥವರನ್ನು ಮೊದಲು ಸರ್ಕಾರಿ ಆಸ್ಪತ್ರೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಈಗ ದಾನಿಗಳ ಪ್ರಶ್ನೆಗೆ ಬರುತ್ತೇವೆ. ನಾವು ಹಣ ಕೊಡುತ್ತಿರುವುದು ತಂದೆಯ ಚಟಕ್ಕಲ್ಲ, ಮಗನ ಓದಿಗೆ. ತಂದೆಯ ಮೇಲಿನ ಸಿಟ್ಟಿಗೆ ಮಗನ ಓದು ನಿಲ್ಲಿಸಿದರೆ ಅವನೂ ಅದೇ ಶೆಡ್ಡಿಗೆ, ಅದೇ ಬಟವಾಡೆ ಸಂಜೆಗೆ ಹೋಗುತ್ತಾನೆ. ಇಪ್ಪತ್ತು ವರ್ಷದ ನಂತರ ಇದೇ ಪ್ರಶ್ನೆಯನ್ನು ಅವನ ಮಗನ ಅರ್ಜಿ ಹಿಡಿದು ಮತ್ತೊಬ್ಬರು ಕೇಳುತ್ತಾರೆ. ಅಂಥ ಮನೆಗೇ ಈ ಹಣ ಮೊದಲು ಹೋಗಬೇಕು ಎಂಬುದು ನಮ್ಮ ಉತ್ತರ.

ತಾಯಂದಿರೇ, ಹೇಳಿದರೆ ವಿದ್ಯಾರ್ಥಿವೇತನ ತಪ್ಪೀತು ಎಂದು ಮನೆಯ ಕಷ್ಟ ಮುಚ್ಚಿಡಬೇಡಿ. ಆ ಕಾರಣಕ್ಕೆ ಯಾವ ಅರ್ಜಿಯನ್ನೂ ಪಕ್ಕಕ್ಕಿಡಬಾರದು ಎಂದು ಟ್ರಸ್ಟಿಗೆ ನಮ್ಮ ವಿನಂತಿ. ಗಂಡಸರೇ, ಮಕ್ಕಳ ಕೈಯಲ್ಲಿ ಅಂಗಡಿಯಿಂದ ಬೀಡಿ ತರಿಸಬೇಡಿ. ನಾವು ಮಾಡಿದ ತಪ್ಪು ನಿಮ್ಮಿಂದ ಆಗದಿರಲಿ.

ಅಲ್ಲಾಹನು ನಮ್ಮ ಮಕ್ಕಳ ಓದಿನಲ್ಲಿ ಬರಕತ್ ಕೊಡಲಿ, ಚಟದಲ್ಲಿ ಸಿಕ್ಕವರಿಗೆ ಬಿಡುವ ಶಕ್ತಿ ಕೊಡಲಿ, ದಾನಿಗಳ ದಾನವನ್ನು ಸ್ವೀಕರಿಸಲಿ. ಆಮೀನ್.