ದೇವರ ಆವು: ಕಂಬಂ ಕಣಿವೆಯ ಕನ್ನಡಿಗರ ಚರಿತ್ರೆ ಮತ್ತು ಅದನ್ನು ಕಾಯುವ ಬಗೆ

ಮನೆಯಲ್ಲಿ ಆಡುವ ನುಡಿ ಒಂದಾಗಿ, ಓದಿ ಬರೆಯುವ ಲಿಪಿ ಇನ್ನೊಂದಾಗಿರುವ ಸಮುದಾಯದ ಚರಿತ್ರೆಯು ಎಲ್ಲಿ ಉಳಿಯುತ್ತದೆ, ಅದನ್ನು ಯಾರು ಕಾಯಬೇಕು ಎಂಬ ಪ್ರಶ್ನೆಗೆ ಕನ್ನಡದ ಸ್ಥಳೀಯ ಚರಿತ್ರೆಯ ಬರವಣಿಗೆಯಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ. ತಮಿಳುನಾಡಿನ ತೇನಿ ಜಿಲ್ಲೆಯಲ್ಲಿ, ಪಶ್ಚಿಮ ಘಟ್ಟದ ಮಡಿಲಲ್ಲಿ ಗೂಡಲೂರು, ಕಂಬಂ, ಉತ್ತಮಪಾಳೆಯಂ, ಚಿನ್ನಮನೂರುಗಳನ್ನು ಒಳಗೊಂಡು ಹಬ್ಬಿರುವ ಕಂಬಂ ಕಣಿವೆಯು ಈ ಪ್ರಶ್ನೆಯನ್ನು ನಿಲ್ಲಿಸಿ ನೋಡಲು ತಕ್ಕ ನೆಲ. ಇಲ್ಲಿನ ಬೇಸಾಯಗಾರರಲ್ಲಿ ಒಂದು ದೊಡ್ಡ ಪಾಲು ಮನೆಮಾತು ಕನ್ನಡವಾಗಿರುವ ಒಕ್ಕಲಿಗರದು. ತಮಿಳಿನಲ್ಲಿ ಇವರಿಗೆ ‘ಕಾಪ್ಪಿಲಿಯರ್’ ಎಂಬ ಹೆಸರುಂಟು, ಹೆಸರಿನ ಮುಂದೆ ‘ಕೌಂಡರ್’ ಎಂದು ಸೇರಿಸಿಕೊಳ್ಳುವುದು ವಾಡಿಕೆ. ಪೂರ್ವಕ್ಕೆ ಸರಿದು ದಿಂಡಿಗಲ್ ಜಿಲ್ಲೆಗೆ ಬಂದರೆ, ಸುಂಗುಡಿ ಸೀರೆಗೆ ಹೆಸರಾದ ಚಿನ್ನಾಳಪಟ್ಟಿಯಲ್ಲಿ ಕನ್ನಡ ಆಡುವ ದೇವಾಂಗ ನೇಕಾರರಿದ್ದಾರೆ. ಕನ್ನಡ ಮೂಲದ ಅನುಪ್ಪರೆಂಬ ಬೇಸಾಯಗಾರರೂ ಈ ಸೀಮೆಯಲ್ಲಿ ಹರಡಿಕೊಂಡಿದ್ದಾರೆ.

ಈ ಸೀಮೆಯ ಕನ್ನಡವೆಂದ ಕೂಡಲೇ ಹೈದರಾಲಿಯ ಹೆಸರು ನೆನಪಾಗುವುದು ಸಹಜ. ಆತ 1755ರಲ್ಲಿ ದಿಂಡಿಗಲ್ಲಿನ ಫೌಜುದಾರನಾಗಿ ಬಂದದ್ದೂ, 1792ರ ಶ್ರೀರಂಗಪಟ್ಟಣದ ಒಪ್ಪಂದದಲ್ಲಿ ದಿಂಡಿಗಲ್ಲು ಮೈಸೂರಿನ ಕೈತಪ್ಪಿ ಕಂಪನಿಗೆ ಸೇರಿದ್ದೂ ದಾಖಲಾದ ಸಂಗತಿಗಳೇ. ಆದರೆ ಕಣಿವೆಯ ಕನ್ನಡವನ್ನು ದಿಂಡಿಗಲ್ಲಿನ ಕೋಟೆಯ ಸೈನ್ಯದ ಹಿಂದೆ ಕಟ್ಟುವುದು ತಪ್ಪಾಗುತ್ತದೆ, ಏಕೆಂದರೆ ಉತ್ತರದ ರಾಜಕೀಯ ಹಾವಳಿಗೆ ಬೇಸತ್ತು ದನಕರುಗಳೊಂದಿಗೆ ದಕ್ಷಿಣಕ್ಕೆ ಇಳಿದು ಬಂದೆವು ಎಂದು ಸಮುದಾಯವು ಹೇಳಿಕೊಳ್ಳುವ ವಲಸೆಯ ಕಥೆಯು ಮೈಸೂರಿನ ಆಳ್ವಿಕೆಗಿಂತ ಹಿಂದಿನ ಕಾಲವನ್ನು ಸೂಚಿಸುತ್ತದೆ, ಮತ್ತು ಆ ಕಥೆಗೆ ಇಂದಿಗೂ ಕಣ್ಣಿಗೆ ಕಾಣುವ ಒಂದು ಸಾಕ್ಷಿಯಿದೆ.

ಆ ಸಾಕ್ಷಿ ಒಂದು ದನದ ಹಿಂಡು. ಕಂಬಂ ಪಟ್ಟಣದಲ್ಲಿ ನಂದಗೋಪಾಲನ ಹೆಸರಿನಲ್ಲಿ ಒಂದು ತೊೞುವಂ, ಅಂದರೆ ದನದ ದೊಡ್ಡಿಯೇ ಗುಡಿಯಾಗಿರುವ ಸ್ಥಳವಿದೆ. ಅಲ್ಲಿನ ಹಿಂಡನ್ನು ತಮಿಳಿನಲ್ಲಿ ‘ತಂಬಿರಾನ್ ಮಾಡು’ ಎಂದೂ, ಸಮುದಾಯದ ಕನ್ನಡದಲ್ಲಿ ‘ದೇವರ ಆವು’ ಎಂದೂ ಕರೆಯಲಾಗುತ್ತದೆ. 1906ರಲ್ಲಿ ಡಬ್ಲ್ಯು. ಫ್ರಾನ್ಸಿಸ್ ಸಿದ್ಧಪಡಿಸಿದ ಮದುರಾ ಜಿಲ್ಲಾ ಗೆಜೆಟಿಯರಿನಲ್ಲಿ, ಎಂದರೆ ಜಿಲ್ಲೆಯ ಸರ್ಕಾರಿ ವಿವರಕೋಶದಲ್ಲಿ, ಈ ಹಿಂಡಿನ ಅರಸನಾದ ‘ಪಟ್ಟದ ಆವು’ ಆಯ್ಕೆಯಾಗುವ ರೀತಿಯ ವರ್ಣನೆಯಿದೆ. 1909ರಲ್ಲಿ ಎಡ್ಗರ್ ಥರ್ಸ್ಟನ್ ಮತ್ತು ಕೆ. ರಂಗಾಚಾರಿ ಅವರು ಹೊರತಂದ ದಕ್ಷಿಣ ಭಾರತದ ಜಾತಿ ಬುಡಕಟ್ಟುಗಳ ಸಂಪುಟಗಳಲ್ಲಿಯೂ ಅದು ಸೇರಿತು. ಹಳೆಯ ಹೋರಿ ತೀರಿಕೊಂಡ ಮೇಲೆ ಒಳ್ಳೆಯ ದಿನ ನೋಡಿ ಕುಲದವರೆಲ್ಲ ಕರ್ಪೂರ, ಬಾಳೆಹಣ್ಣು, ಅಡಿಕೆಗಳೊಂದಿಗೆ ಸೇರುತ್ತಾರೆ, ಹಿಂಡಿನ ಮುಂದೆ ಕಬ್ಬಿನ ಕಟ್ಟನ್ನು ಇಡುತ್ತಾರೆ, ಯಾವ ಹೋರಿ ಮೊದಲು ಮುಂದೆ ಬಂದು ಕಬ್ಬಿಗೆ ಬಾಯಿ ಹಾಕುತ್ತದೆಯೋ ಅದಕ್ಕೆ ಅರಿಸಿನ ಕುಂಕುಮ ಹಚ್ಚಿ ಹಾರ ಹಾಕಿ ಪಟ್ಟ ಕಟ್ಟುತ್ತಾರೆ. ಮನುಷ್ಯರು ಉಸಿರು ಬಿಗಿಹಿಡಿದು ಕಾಯುತ್ತಿರಲು ಆಯ್ಕೆಯನ್ನು ಹಿಂಡಿಗೇ ಬಿಟ್ಟುಕೊಟ್ಟಿರುವ ಈ ಪದ್ಧತಿಯ ಘನತೆ ದೊಡ್ಡದು.

ಇಲ್ಲಿ ಆಚರಣೆಗಿಂತಲೂ ಮಾತಿನ ಕಡೆಗೆ ನೋಡಬೇಕು. ‘ಆವು’ ಎಂದರೆ ಹಳಗನ್ನಡದಲ್ಲಿ ಹಸು; ಇಂದಿನ ಬರವಣಿಗೆಯ ಕನ್ನಡದಲ್ಲಿ ಹಸು, ಆಕಳು, ದನ ಎಂಬ ಮಾತುಗಳು ನಿಂತು, ‘ಆವು’ ಬಹುಮಟ್ಟಿಗೆ ನಿಘಂಟಿಗೆ ಸೇರಿಹೋಗಿದೆ. ಕರ್ನಾಟಕದ ಶಾಲೆಯ ಮಗುವೊಂದು ಹಳಗನ್ನಡದ ಪದ್ಯಕ್ಕೆ ಅರ್ಥ ಬರೆಯುವಾಗ ಮಾತ್ರ ಎದುರಾಗುವ ಶಬ್ದವನ್ನು ಕನ್ನಡ ಅಕ್ಷರವನ್ನೇ ಕಲಿಯದ ಒಂದು ಊರು ತನ್ನ ದೈವದ ಹೆಸರಿನಲ್ಲಿ ಬಾಳಿಸಿಕೊಂಡು ಬಂದಿದೆ. ‘ಪಟ್ಟದ ಆನೆ’, ‘ಪಟ್ಟದರಸಿ’ ಎನ್ನುವಲ್ಲಿ ಬರುವ ‘ಪಟ್ಟ’ವೇ ‘ಪಟ್ಟದ ಆವಿ’ನಲ್ಲಿಯೂ ಇದೆ. ಈ ಎರಡು ಮಾತುಗಳು ಯಾವ ತಾಮ್ರಪಟಕ್ಕೂ ಕಡಿಮೆಯಿಲ್ಲದ ದಾಖಲೆಗಳು.

ಇದೇ ತೇನಿ ಜಿಲ್ಲೆಯ ಪುಲಿಮಾನ್‌ಕೊಂಬೈ ಎಂಬಲ್ಲಿ, ವೈಗೈ ನದಿಯ ಬಯಲಿನಲ್ಲಿ, ತಂಜಾವೂರಿನ ತಮಿಳು ವಿಶ್ವವಿದ್ಯಾಲಯದ ಸಂಶೋಧಕರಿಗೆ 2006ರಲ್ಲಿ ತಮಿಳು ಬ್ರಾಹ್ಮಿ ಬರಹವಿರುವ ವೀರಗಲ್ಲುಗಳು ದೊರೆತವು. ಅವುಗಳಲ್ಲೊಂದು ಕೂಡಲೂರಿನ ‘ಆಕೋಳ್’ ಕಾಳಗದಲ್ಲಿ ಮಡಿದವನ ನೆನಪಿನ ಕಲ್ಲು. ‘ಆ’ ಎಂದರೆ ಹಸು, ‘ಕೋಳ್’ ಎಂದರೆ ಹಿಡಿದೊಯ್ಯುವುದು. ಕನ್ನಡ ಶಾಸನಗಳು ‘ತುರುಗೋಳ್’ ಎಂದು ಕರೆಯುವುದು ಇದನ್ನೇ. ಹಸುವಿಗಾಗಿ ಸತ್ತವನನ್ನು ಕಲ್ಲಿನಲ್ಲಿ ನೆನೆದ ಜನರ ಸೀಮೆಗೆ, ಎಷ್ಟೋ ಶತಮಾನಗಳ ಬಳಿಕ, ಹಸುವನ್ನೇ ಚರಿತ್ರೆಯಾಗಿ ಹೊತ್ತ ಇನ್ನೊಂದು ನುಡಿಯ ಜನ ಬಂದು ನೆಲೆಸಿದರು. ಕಂಬಂ ಕನ್ನಡಿಗರ ಚರಿತ್ರೆಯನ್ನು ತಮಿಳು ನೆಲದ ಚರಿತ್ರೆಯಿಂದ ಬೇರ್ಪಡಿಸಿ ಬರೆಯಹೊರಟರೆ ಅದು ಅರೆಚರಿತ್ರೆಯೇ ಆದೀತು.

ಗೆಜೆಟಿಯರಿನ ಉಪಕಾರವನ್ನು ಒಪ್ಪಿಕೊಂಡ ಮೇಲೆ ಅದರ ಮಿತಿಯನ್ನೂ ಹೇಳಬೇಕಾಗುತ್ತದೆ. ಅದು ಹೊರಗಿನವನು ಆಳುವವರಿಗಾಗಿ ಇಂಗ್ಲಿಷಿನಲ್ಲಿ ಬರೆದ ವರದಿ. ದನ ಕಾಯುವವನ ಕೂಗಾಗಲಿ, ಹೆಂಗಸರ ಹಾಡಾಗಲಿ, ಮೇವಿನ ಜಾಡಿನಲ್ಲಿ ಸಿಗುವ ಬಂಡೆ ಹಳ್ಳಗಳ ಹೆಸರಾಗಲಿ ಅದರ ಪುಟಗಳಲ್ಲಿ ಕೇಳುವುದಿಲ್ಲ. ಮುದ್ರಿತ ಪುಸ್ತಕದ ಅಧಿಕಾರಕ್ಕೆ ಮಣಿದು ಹಿರಿಯರೇ ತಮ್ಮ ಆಚರಣೆಯನ್ನು ಅದರ ಮಾತಿನಲ್ಲಿ ಹೇಳತೊಡಗುವ ಅಪಾಯವೂ ಇಂಥಲ್ಲಿ ಇರುತ್ತದೆ. ಆದ್ದರಿಂದ ಸಮುದಾಯದ ಚರಿತ್ರೆ ಸಮುದಾಯದ ಕೈಯಿಂದಲೇ, ಅದರ ನುಡಿಯಲ್ಲಿಯೇ ಆರಂಭವಾಗಬೇಕು.

ಇದಕ್ಕೆ ಬೇಕಾದ ಸಾಮಗ್ರಿ ಮನೆಮನೆಯಲ್ಲಿಯೂ ಇದೆ, ಅದನ್ನು ದಾಖಲೆಯೆಂದು ಗುರುತಿಸುವ ಕಣ್ಣು ಬೇಕು. ಮದುವೆ, ಕಿವಿ ಚುಚ್ಚುವ ಶಾಸ್ತ್ರ ಮೊದಲಾದ ಸಮಾರಂಭಗಳಲ್ಲಿ ಬಂದ ಹಣವನ್ನು ಕೊಟ್ಟವರ ಹೆಸರು, ಊರುಗಳೊಂದಿಗೆ ಬರೆದಿಡುವ ‘ಮೊಯ್’ ಪುಸ್ತಕವನ್ನೇ ನೋಡಬಹುದು. ತಮಿಳಿನ ‘ಮೊಯ್’ ಕನ್ನಡದ ‘ಮುಯ್ಯಿ’ಯೇ, ತಿರುಗಿ ಕೊಡಬೇಕಾದ ಋಣ ಎಂಬ ಅರ್ಥವೂ ಎರಡೂ ಕಡೆ ಒಂದೇ. ಒಂದು ಮನೆಯ ಮೂರು ತಲೆಮಾರಿನ ಮುಯ್ಯಿಯ ಪುಸ್ತಕಗಳನ್ನು ಸಾಲಾಗಿ ಇಟ್ಟು ಓದಿದರೆ ಹೆಣ್ಣು ಕೊಟ್ಟು ತಂದ ಊರುಗಳು ಯಾವುವು, ಯಾವ ಜಾತಿಯವರೊಡನೆ ಕೊಡುಕೊಳ್ಳುವ ಬಳಕೆಯಿತ್ತು, ಹಣದ ಬೆಲೆ ಹೇಗೆ ಇಳಿಯಿತು, ಯಾರು ಕೊಚ್ಚಿಗೋ ತಿರುಪ್ಪೂರಿಗೋ ಹೊರಟುಹೋದರು ಎಂಬುದೆಲ್ಲ ತೆರೆದುಕೊಳ್ಳುತ್ತದೆ. ಮನೆಯವರು ಹಳೆಯ ಪುಸ್ತಕವನ್ನು ರದ್ದಿಗೆ ಹಾಕುವ ದಿನ ಆ ಚರಿತ್ರೆಯೂ ರದ್ದಿಯಾಗುತ್ತದೆ. ಜಾತ್ರೆಯ ನೋಟೀಸು, ಗುಡಿಯ ಜಮಾಖರ್ಚು, ನೀರಿನ ಸರದಿಯ ಚೀಟಿಗಳಿಗೂ ಇದೇ ಮಾತು ಸಲ್ಲುತ್ತದೆ.

ಮಾತನ್ನು ಬರೆದಿಡುವಲ್ಲಿ ಲಿಪಿಯ ತೊಡಕೊಂದಿದೆ. ಕಣಿವೆಯ ಯುವಕರು ಓದುವುದು ತಮಿಳು. ತಮಿಳು ಲಿಪಿಯಲ್ಲಿ ಕಕಾರ ಗಕಾರಗಳಿಗೆ ಒಂದೇ ಅಕ್ಷರವಾದ್ದರಿಂದ ಕನ್ನಡದ ‘ಗಾಳಿ’ ಮತ್ತು ‘ಕಾಳಿ’ ಒಂದೇ ರೂಪದಲ್ಲಿ ಕಾಣಿಸಿಕೊಳ್ಳುತ್ತವೆ. ಹಾಗೆಂದು ಕನ್ನಡ ಲಿಪಿಯಲ್ಲಿ ಮಾತ್ರ ಬರೆದರೆ ಅದು ಬೆಂಗಳೂರಿನ ಓದುಗರಿಗೆ ದಕ್ಕುತ್ತದೆಯೇ ಹೊರತು ಹೇಳಿದ ಅಜ್ಜಿಯ ಮೊಮ್ಮಗಳಿಗೆ ದಕ್ಕುವುದಿಲ್ಲ. ಧ್ವನಿಮುದ್ರಣವನ್ನೇ ಮೂಲಪ್ರತಿಯೆಂದು ಹಿಡಿದು, ಅದರೊಂದಿಗೆ ಹೇಳಿದವರ ಹೆಸರು, ಊರು, ದಿನಾಂಕಗಳನ್ನು ಜೋಡಿಸಿ, ಎರಡೂ ಲಿಪಿಗಳಲ್ಲಿ ಪಾಠವನ್ನು ಕೊಡುವುದೇ ಸರಿಯಾದ ದಾರಿ. ಕೈಯಲ್ಲಿರುವ ಮೊಬೈಲಿನಿಂದಲೇ ಈ ಕೆಲಸ ನಡೆಯುತ್ತದೆ. ಯಾರು, ಎಲ್ಲಿ, ಎಂದು ಎಂಬ ವಿವರವಿಲ್ಲದ ಧ್ವನಿಮುದ್ರಣ ಮಾತ್ರ ಹತ್ತು ವರ್ಷದ ಬಳಿಕ ಯಾರದೋ ದನಿಯಾಗಿ ಉಳಿಯುತ್ತದೆ.

ಇನ್ನು ಕಾದಿಡುವ ಸ್ಥಳದ ಮಾತು. ಕರ್ನಲ್ ಮೆಕೆಂಜಿ ಸಂಗ್ರಹಿಸಿದ ಕೈಫಿಯತ್ತುಗಳು, ಅಂದರೆ ಊರಿನವರು ಹೇಳಿ ಬರೆಸಿದ ಊರಿನ ವೃತ್ತಾಂತಗಳು, ಊರುಗಳನ್ನು ಬಿಟ್ಟು ಮದರಾಸು ಸೇರಿದವು, ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವನ್ನು ಪ್ರಕಟಿಸುವವರೆಗೆ ಕರ್ನಾಟಕದ ಹಳ್ಳಿಗಳಿಗೆ ತಮ್ಮದೇ ಕಥೆ ಕೈಗೆ ಸಿಗುವಂತಿರಲಿಲ್ಲ. ದಿಂಡಿಗಲ್ 1985ರಲ್ಲಿ, ಆಮೇಲೆ ತೇನಿ, ಮದುರೈಯಿಂದ ಒಡೆದು ಬೇರೆ ಜಿಲ್ಲೆಗಳಾದ್ದರಿಂದ ಇವುಗಳ ಹಳೆಯ ಕಾಗದಗಳನ್ನು ಇಂದಿಗೂ ಮದುರೈಯ ಹೆಸರಿನ ಕೆಳಗೆ ಹುಡುಕಬೇಕು. ಕರ್ನಾಟಕದ ಹೆಳವರು ಇದಕ್ಕಿಂತ ಭಿನ್ನವಾದ ಮಾದರಿಯೊಂದನ್ನು ಬಾಳಿ ತೋರಿಸಿದ್ದಾರೆ: ವಂಶಾವಳಿಯನ್ನು ಹೊತ್ತುಕೊಂಡು ಮನೆಬಾಗಿಲಿಗೆ ಬಂದು, ಮನೆಯವರೆದುರಿಗೇ ಹೇಳಿ, ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು ಮುಂದೆ ಹೋಗುವ ಅವರ ಕ್ರಮದಲ್ಲಿ ದಾಖಲೆಯು ವರ್ಷ ವರ್ಷವೂ ತನ್ನ ಒಡೆಯರ ಕಿವಿಗೆ ಬೀಳುತ್ತದೆ.

ಚರಿತ್ರೆಯನ್ನು ಹಂಚಿಕೊಳ್ಳುವ ಬಗೆಯನ್ನು ಈ ಕಣಿವೆ ಚೆನ್ನಾಗಿಯೇ ಬಲ್ಲದು. 1895ರಲ್ಲಿ ಮುಗಿದ ಪೆರಿಯಾರ್ ಅಣೆಕಟ್ಟೆಯ ನೀರು ಇಲ್ಲಿ ಭತ್ತದ ಗದ್ದೆಗಳನ್ನು ತಂದಿತು. ಅದನ್ನು ಕಟ್ಟಿಸಿದ ಇಂಜಿನಿಯರ್ ಪೆನ್ನಿಕ್ವಿಕ್‌ನ ಹುಟ್ಟುದಿನವಾದ ಜನವರಿ 15ರಂದು ರೈತರು ಪೊಂಗಲ್ ಇಟ್ಟು ನೆನೆಯುತ್ತಾರೆ, ಲೋವರ್ ಕ್ಯಾಂಪಿನಲ್ಲಿ 2013ರಲ್ಲಿ ಸ್ಮಾರಕವೂ ಆಯಿತು. ಒಬ್ಬನ ಹೆಸರು ಹೀಗೆ ಬೆಳಗಿದ ಕಡೆ, ಕಾಡುಜ್ವರಕ್ಕೆ ಬಲಿಯಾದ ಕೂಲಿಕಾರರ ಹೆಸರುಗಳು ಕತ್ತಲಲ್ಲಿ ಉಳಿದವು. ದೇವರ ಆವಿನ ಚರಿತ್ರೆಯಲ್ಲಿಯೂ ಇದೇ ಆಗಬಾರದು. ಕುಲದ ಹಿರಿಯರ ಮಾತಿನಷ್ಟೇ ಕಾವಲುಗಾರನ, ತಮಟೆಯವನ, ಮೇವು ತರುವ ಹೆಂಗಸಿನ ಮಾತೂ ಅದರೊಳಗೆ ಬರಬೇಕು. ಹೊರಗಿನವರಿಗೆ ತೋರಿಸಬಾರದೆಂದು ಸಮುದಾಯ ಬಗೆದ ಆಚರಣೆಯನ್ನು ಮುದ್ರಿಸದೆ ಬಿಡುವ ಸೌಜನ್ಯವೂ ಇರಬೇಕು.

ಕಾಲವಂತೂ ಕಾಯುತ್ತಿಲ್ಲ. 2021ರಲ್ಲಿ ಶ್ರೀವಿಲ್ಲಿಪುತ್ತೂರು–ಮೇಘಮಲೈ ಹುಲಿ ಸಂರಕ್ಷಿತ ಪ್ರದೇಶ ರೂಪುಗೊಂಡಿತು, 2022ರಲ್ಲಿ ಮದ್ರಾಸ್ ಹೈಕೋರ್ಟು ಸಂರಕ್ಷಿತ ಅರಣ್ಯಗಳಲ್ಲಿ ದನ ಮೇಯಿಸುವುದನ್ನು ತಡೆಯಿತು. ಕಾಡಿನ ಹಿತ, ದನಗಾಹಿಯ ಹಿತ ಎರಡೂ ನಿಜವಾದವು. ಆದರೆ ಮೇವಿನ ದಾರಿ ಮುಚ್ಚಿದ ಮೇಲೆ ದಾರಿಯ ಹೆಸರುಗಳನ್ನು ಹೇಳಬಲ್ಲವರು ಒಂದು ತಲೆಮಾರಿನವರು ಮಾತ್ರ. ಕರ್ನಾಟಕದ ವಿಶ್ವವಿದ್ಯಾಲಯಗಳೂ ಕನ್ನಡದ ಸಂಸ್ಥೆಗಳೂ ಬರುವ ಮಾಟ್ಟು ಪೊಂಗಲಿನ ಹೊತ್ತಿಗೆ, ಎಂದರೆ ದನಗಳಿಗೆ ಪೂಜೆ ಸಲ್ಲುವ ಸಂಕ್ರಾಂತಿಯ ಮರುದಿನಕ್ಕೆ, ಕನ್ನಡ ತಮಿಳು ಎರಡನ್ನೂ ಬಲ್ಲ ನಾಲ್ಕು ಜನ ವಿದ್ಯಾರ್ಥಿಗಳನ್ನು ಕಂಬಂನ ತೊೞುವಕ್ಕೆ ಕಳುಹಿಸಲಿ. ಅವರು ಊರಿನ ಹುಡುಗ ಹುಡುಗಿಯರಿಗೆ ಧ್ವನಿಮುದ್ರಣದ ಕೆಲಸವನ್ನು ಕಲಿಸಲಿ. ದೊರೆತದ್ದರ ಮೊದಲ ಪ್ರತಿಯನ್ನು ಅಲ್ಲಿಯೇ ಒಪ್ಪಿಸಿ, ಎರಡನೆಯದನ್ನು ಮಾತ್ರ ತಮ್ಮೊಡನೆ ತರಲಿ.