ಕಣಿವೆಯ ಮೇಲೆ ಹಾದುಹೋಗುವ ದನಿ
(ಉಪನ್ಯಾಸದ ಪಠ್ಯ)



ಮಲಪ್ರಭೆ ಹುಟ್ಟುವುದು ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಕೃಷ್ಣೆಯನ್ನು ಸೇರುವುದು ಕೂಡಲಸಂಗಮದಲ್ಲಿ. 2019ರ ಆಗಸ್ಟ್‌ನಲ್ಲಿ ಘಟ್ಟದ ಮೇಲೆ ಸುರಿದ ಮಳೆ ಮಲಪ್ರಭೆ, ಘಟಪ್ರಭೆಗಳಲ್ಲಿ ಇಳಿದು ಬಾಗಲಕೋಟೆ ಜಿಲ್ಲೆಯ ಹೊಲಮನೆಗಳನ್ನು ಮುಳುಗಿಸಿತು. ಅದೇ ದಿನಗಳಲ್ಲಿ ಮಲೆನಾಡಿನಲ್ಲಿ ಗುಡ್ಡಗಳು ಕುಸಿದವು. ಆಲಮಟ್ಟಿಯ ಹಿನ್ನೀರಿಗೆ ನೆಲೆಯನ್ನು ಬಿಟ್ಟುಕೊಟ್ಟು ನವನಗರಕ್ಕೆ ಬಂದವರಿಗೆ ಮೇಲಣ ಮಳೆಗೂ ಕೆಳಗಣ ಊರಿಗೂ ಇರುವ ನಂಟನ್ನು ಬಿಡಿಸಿ ಹೇಳಬೇಕಾಗಿಲ್ಲ. ವಿದ್ಯುತ್ ಕಡಿದು ಮೊಬೈಲ್ ಗೋಪುರಗಳು ಸ್ತಬ್ಧವಾದಾಗ ನೀರು ಬರುತ್ತದೆ, ಸುದ್ದಿ ಬಾರದು.

ಕೈಯಲ್ಲಿ ಹಿಡಿಯುವ 5 ವಾಟ್ ರೇಡಿಯೊದ ಅಲೆ ಗುಡ್ಡವನ್ನು ದಾಟಲು ಹೆಣಗುತ್ತದೆ. ಆದರೆ ಆಕಾಶ ತೆರೆದಿದ್ದರೆ, ಸುಮಾರು 420 ಕಿ.ಮೀ. ಎತ್ತರದ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣವನ್ನು ಅದು ಮುಟ್ಟಬಲ್ಲದು. ಅಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಹವ್ಯಾಸಿಗಳಿಗಾಗಿ ಮರುಪ್ರಸಾರ ಯಂತ್ರವೊಂದು ಆರಂಭವಾಯಿತು. 145.990 ಮೆಗಾಹರ್ಟ್ಸ್‌ನಲ್ಲಿ, 67 ಹರ್ಟ್ಸ್ ಸಂಕೇತಸ್ವರದೊಂದಿಗೆ ಕಳುಹಿಸಿದ ಮಾತು 437.800ರಲ್ಲಿ ಕೆಳಗೆ ಮರಳುತ್ತದೆ. ನಿಲ್ದಾಣ ಹತ್ತಿರವಾಗುವಾಗ ಈ ದನಿ ಸುಮಾರು 10 ಕಿಲೊಹರ್ಟ್ಸ್ ಮೇಲೆ, ದೂರ ಸರಿಯುವಾಗ ಅಷ್ಟೇ ಕೆಳಗೆ ಸಿಗುತ್ತದೆ. ರೈಲಿನ ಸೀಟಿಯ ಸ್ವರ ಬದಲಾಗುವಂತೆ. ಕೇಳುವ ಆವರ್ತನವನ್ನು ಮೆಟ್ಟಿಲುಮೆಟ್ಟಿಲಾಗಿ ಇಳಿಸುತ್ತ ಹೋಗಬೇಕು.

ಈ ವಿದ್ಯೆ ನಮ್ಮ ದೇಶಕ್ಕೆ ಹೊಸದಲ್ಲ. ಇಸ್ರೊ 2005ರ ಮೇ 5ರಂದು ಹಾರಿಸಿದ ಹ್ಯಾಮ್‌ಸ್ಯಾಟ್ ಎಂಬ ಪುಟ್ಟ ಉಪಗ್ರಹ 2014ರವರೆಗೆ ಹವ್ಯಾಸಿಗಳ ಮಾತನ್ನು ಹೊತ್ತಿತ್ತು.

ಮಲೆನಾಡಿನವರು ಒಂದು ಲೆಕ್ಕವನ್ನು ಅರಿಯಬೇಕು. ತೆರೆದ ಬಯಲಿನಲ್ಲಿ ನಿಂತವರಿಗೆ, ನೆತ್ತಿಯ ಮೇಲೆ ಹಾದುಹೋಗುವ ನಿಲ್ದಾಣ ಸುಮಾರು 10 ನಿಮಿಷ ದೊರೆಯುತ್ತದೆ. ಸುತ್ತಲೂ 20 ಡಿಗ್ರಿಯಷ್ಟು ಎದ್ದ ಗುಡ್ಡಗಳ ನಡುವೆ ದೊರೆಯುವುದು 4 ನಿಮಿಷ ಮಾತ್ರ. ಆ ಹೊತ್ತಿನಲ್ಲಿ ಕಣಕುಂಬಿಯೂ ನವನಗರವೂ ಒಂದೇ ಉಪಗ್ರಹದ ದೃಷ್ಟಿಯಲ್ಲಿರುತ್ತವೆ.

ಇದಕ್ಕೆ ಮಿತಿಗಳೂ ಇವೆ. ನಿಲ್ದಾಣ ಬೇಕೆಂದಾಗ ಬಾರದು. ಯಂತ್ರ ಸದಾ ಚಾಲನೆಯಲ್ಲಿರದು. ಒಮ್ಮೆಗೆ ಒಬ್ಬರಷ್ಟೇ ಮಾತನಾಡಬಹುದು. ಆದುದರಿಂದ ಇದು ಮುನ್ನೆಚ್ಚರಿಕೆ ವ್ಯವಸ್ಥೆಗೆ ಬದಲಿಯಲ್ಲ. ಎಲ್ಲ ದಾರಿ ಮುಚ್ಚಿದಾಗ ಉಳಿಯಬಹುದಾದ ಒಂದು ದಾರಿ. ಕರೆಸಂಕೇತ, ಸ್ಥಳ, ಸಂದೇಶ ಇಷ್ಟನ್ನೇ ಚುಟುಕಾಗಿ ಹೇಳುವ ಶಿಸ್ತು ಬೇಕು. ಕೇಂದ್ರ ದೂರಸಂಪರ್ಕ ಇಲಾಖೆಯ ಪರವಾನಗಿಯಿಲ್ಲದೆ ಪ್ರಸಾರ ಮಾಡುವುದು ಅಪರಾಧ; ಪರೀಕ್ಷೆಗೆ ಓದಬೇಕು.

ಗುಡ್ಡವನ್ನು ಹಿಡಿದು ನಿಲ್ಲಿಸುವುದು ರೇಡಿಯೊ ಅಲ್ಲ, ಕಾಡು. ಕಾಡಿನ ಹೋರಾಟ ಅದರ ಪಾಡಿಗೆ ಸಾಗಲಿ. ಅದರೊಡನೆ ಪ್ರತಿ ಊರಿನ ಶಾಲೆಯಿಂದ ಇಬ್ಬರಾದರೂ ಬೇಸಿಗೆಯಲ್ಲೇ ಇದನ್ನು ಅಭ್ಯಾಸ ಮಾಡಲಿ. ಮಳೆ ಹಿಡಿದ ಮೇಲೆ ಕಲಿಯಲು ಬಿಡುವಿರುವುದಿಲ್ಲ.